ಗುರುವಾರದ ನೀರು: ಮಗಳ ಸಮುದ್ರತೊಟ್ಟಿಯ ಪೈಪಿನಲ್ಲಿ ದೋಷ ಹುಡುಕಿದ ಕ್ರಮ

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳಿಗಾಗಿ ಕಟ್ಟಿದ ಉಪ್ಪುನೀರಿನ ತೊಟ್ಟಿ ಎರಡು ತಿಂಗಳು ಚೆನ್ನಾಗಿ ನಡೆದು, ಮೂರನೆಯ ತಿಂಗಳಲ್ಲಿ ಒಟ್ಟಿಗೇ ಮೂರು ತೊಂದರೆಗಳನ್ನು ತೋರಿಸಿತು. ತೊಟ್ಟಿಯ ಕೆಳಗಿನ ಕಪಾಟಿನ ಹಿಂದೆ ನೆಲದ ಮೇಲೆ ಆಗೊಮ್ಮೆ ಈಗೊಮ್ಮೆ ನೀರು ಕಾಣಿಸುತ್ತಿತ್ತು, ತೊಟ್ಟಿಯ ಉಪ್ಪಿನಂಶ ವಾರದಿಂದ ವಾರಕ್ಕೆ ಇಳಿಯುತ್ತಿತ್ತು, ಗಾಜಿನ ಮೇಲಿನ ಪಾಚಿ ತಿನ್ನಲೆಂದು ಬಿಟ್ಟಿದ್ದ ಬಸವನಹುಳುಗಳು ಒಂದೊಂದಾಗಿ ಸಾಯುತ್ತಿದ್ದವು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ನೀರೇ ಕೆಟ್ಟಿದೆ ಎಂದುಕೊಂಡು ನಾನು ಮೂರು ವಾರಗಳನ್ನು ನೀರಿನ ಪರೀಕ್ಷೆಯಲ್ಲೇ ಕಳೆದೆ. ಕೊನೆಗೆ ಮೂರಕ್ಕೂ ಮೂಲ ಸಿಕ್ಕಿದ್ದು ಪೈಪಿನಲ್ಲಿ. ಸ್ವಂತ ಅಳತೆಗೆ ಪೈಪು ಜೋಡಿಸಿಕೊಂಡ ತೊಟ್ಟಿಯಲ್ಲಿ ಏನೇ ದೋಷ ಕಂಡರೂ, ಔಷಧಿಯ ಬಾಟಲಿ ತೆರೆಯುವ ಮೊದಲು, ನೀರು ಹರಿಯುವ ದಾರಿಯಲ್ಲೇ ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡುತ್ತ ಒಂದು ಸುತ್ತು ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ತೊಟ್ಟಿಯ ರಚನೆ

ದೋಷ ಹುಡುಕುವಾಗ ಅಳತೆಗಳು ಕೈಯಲ್ಲಿರಬೇಕಾದ್ದರಿಂದ ಅವನ್ನು ಮೊದಲು ಹೇಳುತ್ತೇನೆ. ಮೇಲಿನ ತೊಟ್ಟಿ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಎತ್ತರವಿದೆ. ಮೂಲೆಯಲ್ಲಿರುವ ಓವರ್‌ಫ್ಲೋ ಡಬ್ಬಿಯ ಅಂಚನ್ನು ದಾಟಿದ ನೀರು ಒಂದು ಇಂಚಿನ ಪೈಪಿನ ಮೂಲಕ ಕಪಾಟಿನೊಳಗಿನ ಸಂಪಿಗೆ ಇಳಿಯುತ್ತದೆ. ಊರ ಕಡೆಯ ಮನೆಗಳ ಅಂಗಳದಲ್ಲಿ ನೆಲದಡಿ ಇರುವ ಸಂಪನ್ನೇ ಚಿಕ್ಕದಾಗಿ ಗಾಜಿನಲ್ಲಿ ಕಟ್ಟಿದಂತೆ ಅದನ್ನು ಕಲ್ಪಿಸಿಕೊಳ್ಳಬಹುದು. ಸಂಪಿನ ಅಳತೆ 60 ಸೆಂ.ಮೀ., 35 ಸೆಂ.ಮೀ., 35 ಸೆಂ.ಮೀ.; ಅದರೊಳಗೆ ನೀರಿನ ಕೊಳೆಯನ್ನು ಗಾಳಿಗುಳ್ಳೆಗಳಿಂದ ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್ ಇವೆ. ಪಂಪು ನಡೆಯುತ್ತಿರುವಾಗ ಸಂಪಿನಲ್ಲಿ 22 ಸೆಂ.ಮೀ. ಎತ್ತರಕ್ಕೆ, ಅಂದರೆ ಸುಮಾರು 46 ಲೀಟರ್ ನೀರಿರುತ್ತದೆ. ಅದರ ಮೇಲೆ ಉಳಿಯುವ ಖಾಲಿ ಜಾಗ ಸುಮಾರು 27 ಲೀಟರ್. ಆವಿಯಾಗಿ ಹೋದ ನೀರನ್ನು ತುಂಬಿಕೊಡಲು ಪಕ್ಕದಲ್ಲಿ ಸಿಹಿನೀರಿನ ಒಂದು ಡಬ್ಬವಿದ್ದು, ಸಂಪಿನ ಮಟ್ಟ ಇಳಿದಾಗ ಫ್ಲೋಟ್ ಸ್ವಿಚ್ ಅದರ ಪುಟ್ಟ ಪಂಪನ್ನು ಚಾಲೂ ಮಾಡುತ್ತದೆ. ಕಲ್ಲು, ಮರಳು ಕಳೆದರೆ ಇಡೀ ವ್ಯವಸ್ಥೆಯಲ್ಲಿ ಓಡಾಡುವ ನೀರು ಸುಮಾರು 200 ಲೀಟರ್.

ಮಗಳಿಗೆ ಬೇಕಾಗಿದ್ದದ್ದು ಹವಳದ ತೊಟ್ಟಿ. ಆದರೆ ದಿಬ್ಬ ಕಟ್ಟುವ ಕಲ್ಲುಹವಳಗಳು, ಸಮುದ್ರ ಬೀಸಣಿಗೆಗಳು ಮತ್ತು ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅಂಗಡಿಯವರು ಸದ್ದಿಲ್ಲದೆ ತಂದುಕೊಡುತ್ತೇವೆ ಎಂದರೂ ಕೊಳ್ಳುವುದು ಅಪರಾಧವೇ. ಮೃದು ಹವಳವೆಂದು ಮಾರುವ ಝೋವಾಂಥಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಕಡುವಿಷವಿರುವುದರಿಂದ ಮಗುವಿನ ಕೈಗೆ ಎಟಕುವ ತೊಟ್ಟಿಗೆ ಅವೂ ತಕ್ಕವಲ್ಲ. ಆದ್ದರಿಂದ ನಮ್ಮಲ್ಲಿರುವುದು ಸೆರಾಮಿಕ್ಕಿನ ಕೃತಕ ಬಂಡೆ, ಮರಿಕೇಂದ್ರದಲ್ಲಿ ಹುಟ್ಟಿದ ಒಂದು ಜೊತೆ ಕ್ಲೌನ್ ಮೀನು, ಕೆಲವು ನೆರೈಟ್ ಬಸವನಹುಳು ಮತ್ತು ಒಂದು ಸಿಗಡಿ ಮಾತ್ರ. ನೀರನ್ನು ಮಾತ್ರ ಹವಳಕ್ಕೆ ಬೇಕಾದ ಮಟ್ಟದಲ್ಲೇ, ಸಾವಿರಕ್ಕೆ 35 ಭಾಗ ಉಪ್ಪು ಮತ್ತು 25ರಿಂದ 26 ಡಿಗ್ರಿ ಉಷ್ಣತೆಯಲ್ಲಿ ಇಡಲು ಪ್ರಯತ್ನಿಸುತ್ತೇವೆ.

ಕೈ ಹಾಕುವ ಮೊದಲು

ಉಪ್ಪುನೀರು ವಿದ್ಯುತ್ತನ್ನು ಸಿಹಿನೀರಿಗಿಂತ ಬಹಳ ಸುಲಭವಾಗಿ ಹರಿಸುತ್ತದೆ. ತೊಟ್ಟಿಯ ಎಲ್ಲ ಸಾಧನಗಳೂ 30 ಮಿಲಿಆಂಪಿಯರ್ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿದುಕೊಳ್ಳುವ ಆರ್‌ಸಿಸಿಬಿಯ ಮೂಲಕವೇ ಹೋಗಬೇಕು, ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಗುಂಟ ಇಳಿದ ಹನಿ ಸಾಕೆಟ್ಟಿಗೆ ತಲುಪದೆ ಆ ಬಾಗಿನಲ್ಲಿ ನೆಲಕ್ಕೆ ಬೀಳುತ್ತದೆ. ನೆಲದಲ್ಲಿ ನೀರು ಕಂಡ ದಿನ ಮೊದಲು ಮಾಡಬೇಕಾದ ಕೆಲಸ ಮುಖ್ಯ ಸ್ವಿಚ್ಚನ್ನು ಆರಿಸುವುದು. ಅದಾಗದೆ ಒರೆಸಲೂ ಹೋಗಬಾರದು. ನಮ್ಮ ಮನೆಯಲ್ಲಿ ಕಪಾಟಿಗೆ ಬೀಗವಿದೆ, ಮತ್ತು ಮಗಳ ಕೆಲಸ ಓದುವುದು, ಬರೆಯುವುದು, ಜಗ್ಗಿನಿಂದ ಸಿಹಿನೀರಿನ ಡಬ್ಬ ತುಂಬುವುದು ಇಷ್ಟಕ್ಕೆ ಸೀಮಿತವಾಗಿದೆ.

ನೆಲದ ನೀರು ಎಲ್ಲಿಯದು

ನೆಲದ ಮೇಲಿನ ನೀರು ತೊಟ್ಟಿಯದೋ, ಸಿಹಿನೀರಿನ ಡಬ್ಬದ್ದೋ ಎಂಬುದು ಮೊದಲ ಪ್ರಶ್ನೆ. ಮಗಳ ಹಳೆಯ ಪಾಟಿಯ ಮೇಲೆ ಆ ನೀರಿನ ನಾಲ್ಕು ಹನಿ ಬಿಟ್ಟು ಫ್ಯಾನಿನಡಿ ಒಣಗಿಸಿದೆವು. ಕಪ್ಪು ಹಲಗೆಯ ಮೇಲೆ ನಾಲ್ಕು ಬಿಳಿಯ ಉಂಗುರಗಳು ಮೂಡಿದವು. ಅಂಚಿನಲ್ಲಿ ಉಪ್ಪಿನ ಹರಳುಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಸಿಹಿನೀರಾಗಿದ್ದರೆ ಕಲೆ ಉಳಿಯುತ್ತಿರಲಿಲ್ಲ.

ಮುಂದೆ ಸೋರುವ ಜಾಗ. ಗೋಡೆಯ ಬುಡದುದ್ದಕ್ಕೂ ಒಣ ರಂಗೋಲಿ ಪುಡಿಯ ತೆಳುವಾದ ಗೆರೆ ಎಳೆದು, ಕಪಾಟಿನೊಳಗೆ ಪ್ರತಿಯೊಂದು ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ ರಬ್ಬರ್ ಹಾಕಿದೆವು. ಹನಿ ಸೋರುವ ಜೋಡಣೆಯಿದ್ದರೆ ಅದರ ಕಾಗದ ಮೊದಲು ಒದ್ದೆಯಾಗುತ್ತದೆ. ಮೂರು ದಿನ ಕಳೆದರೂ ಒಂದು ಕಾಗದವೂ ಒದ್ದೆಯಾಗಲಿಲ್ಲ. ರಂಗೋಲಿಯ ಗೆರೆ ಹಾಕಿದಂತೆಯೇ ಇತ್ತು.

ನಿಮ್ಮಲ್ಲಿ ಕಾಗದ ಒದ್ದೆಯಾದರೆ ನೋಡಬೇಕಾದದ್ದು ಎರಡು. ಗಾಜಿನ ತೂತಿಗೆ ಹಾಕುವ ಟ್ಯಾಂಕ್ ನಿಪ್ಪಲ್ಲಿನ ರಬ್ಬರ್ ವಾಷರ್ ಅಗಲವಾದ ಅಂಚಿನ ಕಡೆ, ನೀರಿರುವ ಬದಿಯಲ್ಲಿ ಕೂರಬೇಕು; ನೀರು ತಡೆಯುವುದು ಆ ವಾಷರ್. ಅದರ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿ ಪಾನಾ ಹಾಕಿ ಬಿಗಿದರೆ ಸೋರುವುದು ನಿಲ್ಲದೆ ಗಾಜೇ ಬಿರಿಯಬಹುದು. ಕೈಯಿಂದ ಬಿಗಿಮಾಡಿ, ಮೇಲೆ ಕಾಲು ಸುತ್ತು ಕೊಟ್ಟರೆ ಸಾಕು. ಎರಡನೆಯದು ಪೈಪಿನ ಅಳತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚು ಎಂದು ಕೇಳಿದರೆ ಕೊಡುವ ಮನೆಬಳಕೆಯ ಯುಪಿವಿಸಿ ಪೈಪಿನ ಹೊರವ್ಯಾಸ 33.4 ಮಿ.ಮೀ., ಹೊಲಕ್ಕೆ ಬಳಸುವ ಪಿವಿಸಿ ಪೈಪಿನದು 32 ಮಿ.ಮೀ., ಬಿಸಿನೀರಿನ ಸಿಪಿವಿಸಿಯದು 28.6 ಮಿ.ಮೀ. ವಿದೇಶದಿಂದ ಬರುವ ಅಕ್ವೇರಿಯಂ ಜೋಡಣೆಗಳಲ್ಲಿ ಹಲವು 32 ಮಿ.ಮೀ. ಅಳತೆಯವು. ಒಂದೂವರೆ ಮಿಲಿಮೀಟರಿನ ಸಂದನ್ನು ಸಾಲ್ವೆಂಟ್ ಸಿಮೆಂಟಿನಿಂದ ತುಂಬಿಬಿಡಬಹುದೆಂದು ಹೊರಟರೆ ಆ ಜೋಡಣೆ ಮೊದಲ ದಿನ ಹಿಡಿದು, ಒಂದೆರಡು ತಿಂಗಳಲ್ಲಿ ಬೆವರಲು ತೊಡಗುತ್ತದೆ. ಅಂಗಡಿಗೆ ಹೋಗುವಾಗ ಪೈಪಿನ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಮಗಳ ನೋಟುಪುಸ್ತಕ

ಜೋಡಣೆಗಳೆಲ್ಲ ಒಣಗಿದ್ದೂ ನೆಲ ಒದ್ದೆಯಾಗುತ್ತಿತ್ತೆಂದರೆ ನೀರು ಸಂಪಿನ ಮೇಲಂಚಿನಿಂದಲೇ ಉಕ್ಕಿ ಬರುತ್ತಿರಬೇಕು. ಪಂಪು ನಿಂತಾಗ ಹಾಗಾಗಬಹುದೆಂದು ನನಗೆ ಗೊತ್ತಿತ್ತು. ಕಟ್ಟಿದ ದಿನವೇ ಸ್ವಿಚ್ಚು ಆರಿಸಿ ಐದು ನಿಮಿಷ ಕಾದು ನೋಡಿದ್ದೆ; ಈಗ ಮತ್ತೊಮ್ಮೆ ಐದು ನಿಮಿಷ ನೋಡಿದೆ. ಸಂಪಿನ ನೀರು ಒಂದಿಷ್ಟು ಏರಿ ನಿಂತಂತೆ ಕಂಡಿತು. ಹಾಗಾಗಿ ಆ ಕಾರಣವನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ದಾರಿ ತೋರಿಸಿದ್ದು ಮಗಳು ದಿನವೂ ಬರೆಯುತ್ತಿದ್ದ ಲೆಕ್ಕ. ಶಾಲೆಯಿಂದ ಬಂದ ಮೇಲೆ ಉಷ್ಣತೆ ಎಷ್ಟು, ಮೀನು ತಿಂದವೋ ಇಲ್ಲವೋ, ಸಿಹಿನೀರಿನ ಡಬ್ಬಕ್ಕೆ ಎಷ್ಟು ಜಗ್ಗು ಸುರಿದೆ ಎಂಬುದನ್ನು ಅವಳು ಗೀಟು ಹಾಕಿದ ಪುಟದಲ್ಲಿ ಬರೆಯುತ್ತಾಳೆ. ಒಂದು ಜಗ್ಗಿಗೆ ಒಂದು ಲೀಟರ್. ಮೇ ತಿಂಗಳ ಪುಟದಲ್ಲಿ ಎಲ್ಲ ದಿನಗಳೂ ಎರಡು ಅಥವಾ ಮೂರು ಜಗ್ಗು ತೋರಿಸುತ್ತಿದ್ದರೆ, ನಾಲ್ಕು ಶುಕ್ರವಾರಗಳ ಎದುರಿಗೆ ಮಾತ್ರ ಒಂಬತ್ತು, ಹತ್ತು, ಒಂಬತ್ತು, ಒಂಬತ್ತು ಎಂದಿತ್ತು. “ಅಪ್ಪಾ, ಶುಕ್ರವಾರ ಯಾಕೆ ಇಷ್ಟು ಬಾಯಾರಿಕೆ ಇದಕ್ಕೆ?” ಎಂದು ಅವಳು ಕೇಳಿದಾಗಲೇ ನನಗೆ ಗುರುವಾರದ ನೆನಪಾದದ್ದು. ಪುಣೆಯಲ್ಲಿ ವಿದ್ಯುತ್ ಮಾರ್ಗಗಳ ದುರಸ್ತಿಗೆಂದು ಕರೆಂಟು ತೆಗೆಯುವುದು ಸಾಮಾನ್ಯವಾಗಿ ಗುರುವಾರ, ಅದೂ ಗಂಟೆಗಟ್ಟಲೆ. ನಾವೆಲ್ಲ ಹೊರಗಿರುವ ಹೊತ್ತು ಅದು.

ಗಂಟೆಯ ಪರೀಕ್ಷೆ

ಮುಂದಿನ ಭಾನುವಾರ ಪಂಪನ್ನು ಆರಿಸಿ ಒಂದು ಗಂಟೆ ಬಿಟ್ಟೆವು. ಮಗಳು ಸಂಪಿನ ಗಾಜಿಗೆ ಉದ್ದಕ್ಕೆ ಬಿಳಿಯ ಟೇಪ್ ಅಂಟಿಸಿ, ಐದು ನಿಮಿಷಕ್ಕೊಮ್ಮೆ ನೀರಿನ ಮಟ್ಟಕ್ಕೆ ಕೆಂಪು ಸ್ಕೆಚ್‌ಪೆನ್ನಿನಿಂದ ಗೆರೆ ಎಳೆದಳು. ಮೊದಲ ಎರಡು ನಿಮಿಷಗಳಲ್ಲಿ ನೀರು ಎರಡೂವರೆ ಸೆಂ.ಮೀ. ಏರಿತು, ಓವರ್‌ಫ್ಲೋ ಅಂಚಿನ ಮೇಲಿದ್ದ ನೀರು ಮತ್ತು ಪೈಪಿನೊಳಗಿದ್ದ ನೀರು ಇಳಿದದ್ದರಿಂದ ಅದು ಸಹಜವೇ. ಆದರೆ ಅನಂತರವೂ ಪ್ರತಿ ಗೆರೆ ಹಿಂದಿನ ಗೆರೆಗಿಂತ ಒಂದು ಬೆರಳಿನಷ್ಟು ಮೇಲೆ ಬಿದ್ದಿತು. ಐದು ನಿಮಿಷ ಮಾತ್ರ ನೋಡಿದವನಿಗೆ ನಿಂತಂತೆ ಕಂಡ ನೀರು ನಿಂತಿರಲಿಲ್ಲ, ನಿಧಾನವಾಗಿ ಏರುತ್ತಲೇ ಇತ್ತು. ಅರ್ಧ ಗಂಟೆ ದಾಟುವಷ್ಟರಲ್ಲಿ ಅದು ಸಂಪಿನ ಅಂಚಿಗೆ ಬಂದಾಗ ಪಂಪು ಹಾಕಿದೆವು.

ಕಾರಣ ಇದು. ಮೇಲಕ್ಕೆ ಹೋದ ಪೈಪಿನ ಬಾಯಿ ನೀರಿನಡಿ ಇರುವವರೆಗೆ, ಪಂಪು ನಿಂತ ಕೂಡಲೇ ಅದೇ ಪೈಪು ಸೈಫನ್ ಆಗಿ ತೊಟ್ಟಿಯ ನೀರನ್ನು ಹಿಂದಕ್ಕೆ ಸಂಪಿಗೆ ಎಳೆಯುತ್ತದೆ. ಅದನ್ನು ತಡೆಯಲೆಂದು ನಾನು ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದೆ. ಬಿಚ್ಚಿ ನೋಡಿದಾಗ ಅದರ ಮುಚ್ಚಳದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಸುಣ್ಣದ ಗಂಟು ಕಟ್ಟಿತ್ತು. ಮುಚ್ಚಳ ಪೂರ್ತಿ ಕೂರದೆ ಕೂದಲೆಳೆಯಷ್ಟು ಸಂದು ಉಳಿದಿತ್ತು. ಹೊಸದಾಗಿದ್ದಾಗ ಸರಿಯಾಗಿ ಮುಚ್ಚುವ ಈ ವಾಲ್ವು ಉಪ್ಪುನೀರಿನಲ್ಲಿ ಕೆಲವು ತಿಂಗಳು ಕಳೆದ ಮೇಲೆ ಹೀಗಾಗುವುದು ಅಪರೂಪವಲ್ಲ.

ಲೆಕ್ಕವೂ ಹೊಂದುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂ.ಮೀ. ಎತ್ತರದ ನೀರೆಂದರೆ 90×45×1, ಅಂದರೆ ಸುಮಾರು 4 ಲೀಟರ್. ಪೈಪಿನ ಬಾಯಿ ನೀರಿನ ಮಟ್ಟದಿಂದ 8 ಸೆಂ.ಮೀ. ಕೆಳಗಿತ್ತು. ಸೈಫನ್ ಕಡಿಯುವವರೆಗೆ ಇಳಿಯುವ ನೀರು 32 ಲೀಟರ್, ಪೈಪುಗಳೊಳಗಿನದು ಒಂದೂವರೆ ಲೀಟರ್, ಒಟ್ಟು 34ರ ಹತ್ತಿರ. ಸಂಪಿನಲ್ಲಿದ್ದ ಖಾಲಿ ಜಾಗ 27 ಲೀಟರ್. ಉಳಿದ 7 ಲೀಟರ್ ನೆಲಕ್ಕೆ. ಸ್ವಲ್ಪ ಹೊತ್ತು ಕರೆಂಟು ಹೋದಾಗ ಏನೂ ಆಗದೆ ಗುರುವಾರ ಮಾತ್ರ ಉಕ್ಕುತ್ತಿದ್ದುದೂ ಇದರಿಂದಲೇ. ದೋಷ ಕಾಣಿಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಪರೀಕ್ಷೆಯೂ ಅಷ್ಟು ಹೊತ್ತು ನಡೆಯಬೇಕು.

ಪರಿಹಾರಕ್ಕೆ ಹೊಸ ವಾಲ್ವು ತರಲಿಲ್ಲ. ಇದ್ದ ವಾಲ್ವನ್ನೂ ತೆಗೆದುಹಾಕಿ, ಪೈಪಿನ ಬಾಯನ್ನು ನೀರಿನ ಮಟ್ಟದಿಂದ ಒಂದೂವರೆ ಸೆಂ.ಮೀ. ಕೆಳಗೆ ಇರುವಂತೆ ಎತ್ತಿದೆವು. ಈಗ ಪಂಪು ನಿಂತರೆ ಇಳಿಯುವುದು 6 ಲೀಟರ್, ಪೈಪಿನ ನೀರು ಸೇರಿ ಎಂಟಕ್ಕಿಂತ ಕಡಿಮೆ. ಸೈಫನ್ ಕಡಿಯಲು ಪೈಪಿಗೆ ಸಣ್ಣ ತೂತು ಕೊರೆಯುವವರಿದ್ದಾರೆ. ಆ ತೂತು ಪಾಚಿಯಿಂದ ಮುಚ್ಚಿಹೋಗಬಲ್ಲದು, ಆದ್ದರಿಂದ ಅದೊಂದನ್ನೇ ನಂಬಿರುವುದು ನನಗೆ ಸರಿಯೆನಿಸುವುದಿಲ್ಲ. ಪೈಪಿನ ಬಾಯಿಯ ಎತ್ತರಕ್ಕೆ ಕೆಡುವ ಭಾಗವಿಲ್ಲ. ಮತ್ತೊಮ್ಮೆ ಒಂದು ಗಂಟೆ ಆರಿಸಿ ನೋಡಿ, ನೀರು ಏರಿ ನಿಂತ ಜಾಗಕ್ಕೆ ಮಗಳು ಕೆಂಪು ಟೇಪ್ ಅಂಟಿಸಿದ್ದಾಳೆ. ಗುರುವಾರಗಳಿಗೆಂದು ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪನ್ನೂ ತಂದಿಟ್ಟಿದ್ದೇವೆ. ದೀರ್ಘಕಾಲ ನೀರು ನಿಂತರೆ ಮೀನಿಗೆ ಮೊದಲು ಕಡಿಮೆಯಾಗುವುದು ಆಮ್ಲಜನಕ.

ಉಪ್ಪು ಇಳಿದ ಬಗೆ

ಎರಡನೆಯ ತೊಂದರೆ ಇದರ ಮಗುವೇ. ನೆಲಕ್ಕೆ ಹೋದ 7 ಲೀಟರ್ ಉಪ್ಪುನೀರು. ಕರೆಂಟು ಬಂದ ಮೇಲೆ ಸಂಪಿನ ಮಟ್ಟ ಕಡಿಮೆಯಿರುವುದನ್ನು ಕಂಡು ಫ್ಲೋಟ್ ಸ್ವಿಚ್ ತುಂಬುತ್ತಿದ್ದದ್ದು ಸಿಹಿನೀರು. 200 ಲೀಟರಿನಲ್ಲಿ 7 ಲೀಟರ್ ಎಂದರೆ ನೂರಕ್ಕೆ ಮೂರೂವರೆ. ಒಂದು ಗುರುವಾರ ಕಳೆದರೆ 35 ಇದ್ದದ್ದು 33.8 ಆಗುತ್ತದೆ, ನಾಲ್ಕು ಕಳೆದರೆ 30ರ ಹತ್ತಿರಕ್ಕೆ ಬರುತ್ತದೆ. ಮಧ್ಯೆ ನಾನು ಉಪ್ಪುನೀರಿನಿಂದ ನೀರು ಬದಲಿಸುತ್ತಿದ್ದುದರಿಂದ ಇಳಿತ ಇನ್ನಷ್ಟು ನಿಧಾನವಾಗಿ, ಗುರುತು ಸಿಗದಂತೆ ನಡೆದಿತ್ತು.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಸರಿಯಿದೆಯೇ ಎಂಬುದನ್ನೂ ಇಲ್ಲಿ ಖಚಿತಪಡಿಸಿಕೊಳ್ಳಬೇಕು. ಶುದ್ಧ ನೀರಿಗೆ ಸೊನ್ನೆ ತೋರಿಸಿದರೆ ಸಾಲದು, 35ರ ಬಳಿ ಅದು ತಪ್ಪು ತೋರಿಸಬಹುದು. ಬೇರೇನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ ತೂಗಿ 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ ಆ ದ್ರಾವಣ ರಿಫ್ರಾಕ್ಟೋಮೀಟರಿನಲ್ಲಿ 35 ತೋರಿಸಬೇಕು; ತೋರಿಸದಿದ್ದರೆ ತಿರುಪಿನಿಂದ ಅಲ್ಲಿಗೆ ತಂದು ನಿಲ್ಲಿಸಬೇಕು. ಇಳಿದ ಉಪ್ಪನ್ನು ಏರಿಸಲು ಅವಸರ ಬೇಡ. ಆವಿಯಾದ ನೀರಿನ ಬದಲಿಗೆ ಕೆಲವು ದಿನ ಉಪ್ಪುನೀರನ್ನೇ ತುಂಬುತ್ತ, ದಿನಕ್ಕೆ ಒಂದು ಅಂಕಕ್ಕಿಂತ ಹೆಚ್ಚು ಏರದಂತೆ ನಾವು ಒಂದು ವಾರದಲ್ಲಿ 35ಕ್ಕೆ ತಂದೆವು. ಸಿಹಿನೀರಿನ ಡಬ್ಬವನ್ನು 20 ಲೀಟರಿನಿಂದ 10 ಲೀಟರಿಗೆ ಇಳಿಸಿ, ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ತಪಕೀರ್ ಗಲ್ಲಿಯಿಂದ ಇನ್ನೊಂದು ಫ್ಲೋಟ್ ಸ್ವಿಚ್ ತಂದು ಮೊದಲನೆಯದರ ಜೊತೆ ಸರಣಿಯಲ್ಲಿ ಜೋಡಿಸಿದೆ. ಒಂದು ಸಿಕ್ಕಿಕೊಂಡರೂ ಇನ್ನೊಂದು ಪಂಪನ್ನು ನಿಲ್ಲಿಸುತ್ತದೆ.

ಬಸವನಹುಳುಗಳ ಸಾವು

ಉಪ್ಪಿನಂಶ ಸರಿಯಾದ ಮೇಲೆ ಹುಳುಗಳ ಸಾವೂ ನಿಲ್ಲುವುದೆಂದು ಎಣಿಸಿದ್ದೆ. ನಿಲ್ಲಲಿಲ್ಲ. ಹೊಸದಾಗಿ ಬಿಟ್ಟ ಮೂರೂ ಎರಡನೆಯ ದಿನ ಗಾಜು ಬಿಟ್ಟು ಮರಳಿನ ಮೇಲೆ ಮಗುಚಿ ಬಿದ್ದವು. ಎತ್ತಿ ನೆಟ್ಟಗಿಟ್ಟರೂ ಪಾದ ಚಾಚಲಿಲ್ಲ. ಸಿಗಡಿಯೂ ಆ ವಾರ ಸತ್ತಿತು. ಮಗಳು ಆ ದಿನದ ಸಾಲಿನಲ್ಲಿ ಏನೂ ಬರೆಯದೆ ಪುಸ್ತಕ ಮುಚ್ಚಿಟ್ಟಳು.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದ್ದವು. ಉಷ್ಣತೆ 27 ದಾಟಿರಲಿಲ್ಲ. ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರ, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡುಗಳು ಸಿಗಡಿಯ ಜಾತಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ, ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಆದರೆ ನಾವು ಆ ಕೋಣೆಯಲ್ಲಿ ಮೊದಲಿನಿಂದಲೂ ಸೊಳ್ಳೆಪರದೆ ಮಾತ್ರ ಬಳಸುತ್ತಿದ್ದೆವು. ಉಳಿದ ಒಂದು ಸುಳಿವು ಮೀನುಗಳ ಆರೋಗ್ಯ. ಮೀನನ್ನು ಬಿಟ್ಟು ಬೆನ್ನೆಲುಬಿಲ್ಲದ ಜೀವಿಗಳನ್ನಷ್ಟೇ ಕೊಲ್ಲುವುದು ತಾಮ್ರದ ಗುಣ. ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ ತಾಮ್ರವನ್ನು ಮೀನಿನ ಚರ್ಮರೋಗಕ್ಕೆ ಔಷಧಿಯಾಗಿಯೇ ಕೊಡುವುದುಂಟು. ಅದಕ್ಕಿಂತ ಬಹಳ ಕಡಿಮೆ ಪ್ರಮಾಣ ಬಸವನಹುಳುವಿಗೆ ವಿಷ. ಮನೆಬಳಕೆಯ ಪರೀಕ್ಷಾ ಕಿಟ್ಟುಗಳು ಆ ಕಡಿಮೆ ಪ್ರಮಾಣವನ್ನು ಹಿಡಿಯಲಾರವು, ಆದ್ದರಿಂದ ಕಿಟ್ಟು ಸೊನ್ನೆ ತೋರಿಸಿದರೂ ತಾಮ್ರದ ಮೇಲಿನ ಸಂಶಯ ಬಿಡಬಾರದು.

ನನ್ನ ಅನುಮಾನ ಮೊದಲು ಹೋದದ್ದು ಅಡುಗೆಮನೆಯ ಆರ್‌ಒ ಯಂತ್ರದ ಮೇಲೆ. ಈಗಿನ ಕೆಲವು ಯಂತ್ರಗಳಲ್ಲಿ ಆರೋಗ್ಯಕ್ಕೆಂದು ತಾಮ್ರ ಸೇರಿಸುವ ಕೊಳವೆಯೇ ಇರುತ್ತದೆ, ಹಲವದರಲ್ಲಿ ರುಚಿಗಾಗಿ ಹಸಿನೀರು ಬೆರೆಸುವ ತಿರುಪಿರುತ್ತದೆ. ಅಂಥ ಯಂತ್ರದ ನೀರನ್ನು ಸಮುದ್ರತೊಟ್ಟಿಗೆ ಹಾಕಲೇಬಾರದು. ಆದರೆ ನಮ್ಮ ತೊಟ್ಟಿಯ ನೀರು ಬೇರೆ ಫಿಲ್ಟರಿನಿಂದ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ಸ್ಥಿತಿಯಲ್ಲಿ ಬರುತ್ತಿತ್ತು.

ಅದೇ ವಾರ ಅಡುಗೆಮನೆಯ ನಳ ರಿಪೇರಿಗೆ ಬಂದ ಪ್ಲಂಬರ್ ಸಿಂದಗಿಯ ಕಡೆಯವರು. ಕಪಾಟು ತೆರೆದಿದ್ದದ್ದನ್ನು ಕಂಡು ಬಗ್ಗಿ ನೋಡಿ, ಪಂಪಿನ ಬಾಯಿಗೆ ಪೈಪು ಸೇರುವಲ್ಲಿದ್ದ ಬೆಳ್ಳಗಿನ ಜೋಡಣೆಯ ಮೇಲೆ ಬೆರಳಿಟ್ಟು, “ಸರ, ಇದು ಬ್ರಾಸ್ ಎಫ್‌ಟಿಎ ಐತ್ರಿ. ಮ್ಯಾಲಷ್ಟ ಪ್ಲಾಸ್ಟಿಕ್, ಒಳಗ ಹಿತ್ತಾಳಿ. ಚೂಡಿ ಹರೀಬಾರದಂತ ಹಾಕಿರ್ತಾರ” ಎಂದರು. ಎಫ್‌ಟಿಎ ಎಂದರೆ ಒಳಬದಿಯಲ್ಲಿ ಚೂಡಿ, ಅಂದರೆ ತಿರುಪಿನ ಗೆರೆಗಳಿರುವ ಜೋಡಣೆ. ಮಗಳು ಟಾರ್ಚು ತಂದು ಹಿಡಿದಳು. “ಕಾಕಾ, ಒಳಗೆ ಹಸಿರಾಗಿದೆ!”

ಪೈಪನ್ನು ಬೇಕಾದಾಗ ಬಿಡಿಸಲೆಂದು ಹಾಕುವ ಯೂನಿಯನ್ ಜೋಡಣೆ ಬಿಚ್ಚಿ ಅದನ್ನು ಹೊರತೆಗೆದಾಗ ಒಳಗಿನ ಹಿತ್ತಾಳೆಯ ಚೂಡಿಗಳ ಮೇಲೆ ನೀಲಿಹಸಿರು ಕಿಲುಬು ಹಿಟ್ಟಿನಂತೆ ಹಿಡಿದಿತ್ತು, ಉಗುರು ತಾಗಿದರೆ ಉದುರುತ್ತಿತ್ತು. ಮೇಲಿನ ತುದಿಯಲ್ಲಿ ನೀರು ಚಿಮ್ಮುವ ಬಾಯಿಗೆ ಹಾಕಿದ್ದ ಎಲ್ಬೋ ಕೂಡ ಅದೇ ಜಾತಿಯದು. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು; ಉಪ್ಪುನೀರೂ ಹಿತ್ತಾಳೆಯಿಂದ ತಾಮ್ರ ಮತ್ತು ಸತುವನ್ನು ಹಾಗೆಯೇ ಬಿಡಿಸಿಕೊಳ್ಳುತ್ತದೆ. ನಮ್ಮ ತೊಟ್ಟಿಯ ಪೂರ್ತಿ ನೀರು ಆ ಎರಡು ತುಂಡುಗಳ ಮೂಲಕ ದಿನಕ್ಕೆ ನೂರಾರು ಬಾರಿ ಹಾದುಹೋಗುತ್ತಿತ್ತು. ಪೈಪು ಜೋಡಿಸಿದವನು ನಾನೇ, ಹೊರಗಿನ ಪ್ಲಾಸ್ಟಿಕ್ ನೋಡಿ ಕೊಂಡವನೂ ನಾನೇ. ಅಂಗಡಿಯಲ್ಲಿ ಚೂಡಿಯಿರುವ ಯಾವುದೇ ಜೋಡಣೆ ಕೊಳ್ಳುವಾಗ ಒಳಕ್ಕೆ ಬೆಳಕು ಬಿಟ್ಟು ನೋಡಿ, ಹಳದಿ ಕಂಡರೆ ವಾಪಸು ಕೊಡಬೇಕು. ಪೂರ್ತಿ ಪ್ಲಾಸ್ಟಿಕ್ಕಿನ ಎಫ್‌ಟಿಎ ಅದೇ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಆಯಸ್ಕಾಂತ ಹಿತ್ತಾಳೆಗೆ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯನ್ನು ನಂಬಬೇಡಿ.

ಎರಡನ್ನೂ ಬದಲಿಸಿದ ಮೇಲೆ ಐದು ದಿನಕ್ಕೊಮ್ಮೆಯಂತೆ ನಾಲ್ಕು ಬಾರಿ ಕಾಲುಭಾಗ ನೀರು ಬದಲಿಸಿ, ಸಂಪಿನಲ್ಲಿ ಸಕ್ರಿಯ ಇದ್ದಿಲನ್ನೂ ತಾಮ್ರ ಹೀರುವ ರಾಳದ ಚೀಲವನ್ನೂ ಇಟ್ಟೆವು. ಬಂಡೆ ಮತ್ತು ಮರಳು ಹೀರಿಕೊಂಡ ತಾಮ್ರ ಮತ್ತೆ ನಿಧಾನವಾಗಿ ನೀರಿಗೆ ಬರುವ ಸಾಧ್ಯತೆಯಿರುವುದರಿಂದ ರಾಳದ ಬಣ್ಣ ತಿರುಗುವುದು ನಿಲ್ಲುವವರೆಗೆ ಚೀಲವನ್ನು ತೆಗೆಯಬಾರದು.

ಗೊಳಗೊಳ ಸದ್ದು ಮತ್ತು ಗಾಳಿಗುಳ್ಳೆ

ಪೈಪು ಬಿಚ್ಚಿ ಮರಳಿ ಜೋಡಿಸಿದ ಮೇಲೆ ಇಳಿಯುವ ಪೈಪು ರಾತ್ರಿ ಗೊಳಗೊಳ ಸದ್ದು ಮಾಡತೊಡಗಿತು. ಆ ಪೈಪಿನ ತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಬೇಕು, ಹೆಚ್ಚು ಮುಳುಗಿದರೆ ಒಳಗಿನ ಗಾಳಿ ಹೊರಬೀಳಲಾರದೆ ತಡವರಿಸುತ್ತದೆ. ಅಡ್ಡಲಾಗಿ ಹೋಗುವ ತುಂಡು ಎಲ್ಲಿಯೂ ಮೇಲಕ್ಕೆ ಉಬ್ಬಿರಬಾರದು. ಹರಿವು ಹೊಂದಿಸಲು ಬಾಲ್ ವಾಲ್ವಿಗಿಂತ ಗೇಟ್ ವಾಲ್ವ್ ಅನುಕೂಲ, ಏಕೆಂದರೆ ಅದನ್ನು ಕೂದಲೆಳೆಯಷ್ಟು ತಿರುಗಿಸಬಹುದು, ಅದೂ ಹಿತ್ತಾಳೆಯದಾಗಿರಬಾರದು. ಹರಿವು ಕಡಿಮೆಯಾಗಿದೆ ಎಂದೆನಿಸಿದರೆ ಪೈಪಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಸಮಯ ಅಳೆಯಿರಿ. 18 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 2000 ಲೀಟರ್. ಪಂಪಿನ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿ ನೀರನ್ನು ಮೇಲಕ್ಕೆ ಎತ್ತದಿದ್ದಾಗಿನದು, ಅದಕ್ಕೆ ಹೋಲಿಸಬಾರದು. ನಿಮ್ಮದೇ ಮೊದಲ ದಿನದ ಅಳತೆಗೆ ಹೋಲಿಸಿ.

ಮತ್ತೆ ಹುಳು ಬಿಡುವ ಮೊದಲು

ಕೊನೆಯ ನೀರು ಬದಲಾವಣೆಯಾಗಿ ಎರಡು ವಾರ ಕಾದು, ಮೊದಲು ಒಂದೇ ಒಂದು ನೆರೈಟನ್ನು ಬಿಟ್ಟೆವು. ಅದು ಮಗುಚಿಬೀಳದೆ ಗಾಜಿನ ಮೇಲೆ ಮೂರು ವಾರ ತಿರುಗಾಡಿದ ಮೇಲಷ್ಟೇ ಉಳಿದವನ್ನು ತಂದೆವು, ಸಿಗಡಿಯನ್ನು ಎಲ್ಲಕ್ಕಿಂತ ಕೊನೆಗೆ. ಆ ಮೂರು ವಾರ ಮಗಳ ಪುಸ್ತಕದಲ್ಲಿ ಹೊಸದೊಂದು ಕಾಲಮ್ಮು ಸೇರಿತು: ಬೆಳಿಗ್ಗೆ ಹುಳು ಎಲ್ಲಿತ್ತು, ಸಂಜೆ ಎಲ್ಲಿತ್ತು. ಶುಕ್ರವಾರಗಳ ಎದುರಿಗೆ ಈಗ ಎರಡು, ಮೂರು ಜಗ್ಗು ಎಂದೇ ಇದೆ.